ದತ್ತು ದಾರಿಯ ನಡುವೆ ಕೈ ಬರಿದಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ನನ್ನ ತವರು ಹಾಸನದ ಕಡೆ, ನಮ್ಮ ಯಜಮಾನರದು ಕುಂದಾಪುರ. 2021ರ ಅಕ್ಟೋಬರ್‌ನಲ್ಲಿ ಭಾರತದಿಂದ ಮಗುವನ್ನು ದತ್ತು ಪಡೆಯಲು ಮೊದಲ ಅರ್ಜಿ ಹಾಕಿದೆವು. 2023ರ ಜನವರಿಯಲ್ಲಿ ಅವರ ಕೆಲಸ ಹೋಯಿತು. 2024ರ ಆಗಸ್ಟ್‌ನಲ್ಲಿ ಮಗಳು ಮನೆಗೆ ಬಂದಳು. ನಡುವಿನ ದಿನಗಳಲ್ಲಿ ಹೇಗೆ ತಡೆದುಕೊಂಡಿರಿ ಎಂದು ಕೇಳುವ ಕನ್ನಡಿಗರ ಕರೆಗಳು ಈಗಲೂ ಬರುತ್ತವೆ. ಅವರೆಲ್ಲರಿಗೂ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಅಮೆರಿಕದಲ್ಲಿರುವವರು ಭಾರತದಿಂದ ದತ್ತು ಪಡೆಯುವ ಕ್ರಮ ಏನು?

ದೇಶದಿಂದ ದೇಶಕ್ಕೆ ನಡೆಯುವ ದತ್ತು ಕುರಿತ 1993ರ ಹೇಗ್ ಒಪ್ಪಂದಕ್ಕೆ ಎರಡೂ ದೇಶಗಳು ಸೇರಿವೆ. ಹಾಗಾಗಿ ಎರಡು ಸರ್ಕಾರಗಳೂ ಒಪ್ಪಬೇಕು. ಇಲ್ಲಿ ಮಾನ್ಯತೆ ಪಡೆದ ಏಜೆನ್ಸಿಯೊಂದು ನಿಮ್ಮ ಮನೆ, ಆರೋಗ್ಯ, ಆದಾಯ, ದಾಂಪತ್ಯ ಎಲ್ಲವನ್ನೂ ನೋಡಿ ಹೋಮ್ ಸ್ಟಡಿ ವರದಿ ಬರೆಯುತ್ತದೆ. ಅದರ ಜೊತೆಗೆ ಐ-800ಎ ಎಂಬ ಅರ್ಜಿ ವಲಸೆ ಇಲಾಖೆಗೆ ಹೋಗುತ್ತದೆ. ಆ ಬಳಿಕ ಕಡತ ದೆಹಲಿಯ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ, ಅಂದರೆ ಎಲ್ಲರೂ 'ಕಾರಾ' ಎನ್ನುವ ಸಂಸ್ಥೆಗೆ ಸೇರುತ್ತದೆ. ಮಗು ಗೊತ್ತಾದ ಮೇಲೆ ಕಾರಾದ ನಿರಾಕ್ಷೇಪಣಾ ಪತ್ರ, ಮಗು ಇರುವ ಜಿಲ್ಲೆಯ ಜಿಲ್ಲಾಧಿಕಾರಿಯ ದತ್ತು ಆದೇಶ, ಪಾಸ್‌ಪೋರ್ಟ್, ಕೊನೆಗೆ ವೀಸಾ. 2022ರ ಸೆಪ್ಟೆಂಬರ್‌ಗೆ ಮೊದಲು ಈ ಆದೇಶವನ್ನು ನ್ಯಾಯಾಲಯ ಕೊಡುತ್ತಿತ್ತು.

ಒಂದು ಮಾತು ಮೊದಲೇ ತಿಳಿದಿರಲಿ. ಐ-800ಎ ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪೌರರಾಗಿರಬೇಕು. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ಎಷ್ಟೋ ದಂಪತಿಗಳು ಇದು ಗೊತ್ತಿಲ್ಲದೆ ಏಜೆನ್ಸಿಗೆ ಮುಂಗಡ ಕಟ್ಟಲು ಹೊರಟಿದ್ದನ್ನು ನೋಡಿದ್ದೇನೆ. ಅಂಥವರು ಹಣ ಕಟ್ಟುವ ಮೊದಲು ವಲಸೆ ವಕೀಲರನ್ನು ಕಾಣಬೇಕು.

ಹಣ ಎಲ್ಲೆಲ್ಲಿ ಖರ್ಚಾಗುತ್ತದೆ?

ನಮಗೆ ಒಟ್ಟು ಸುಮಾರು 34 ಸಾವಿರ ಡಾಲರ್ ತಗುಲಿತು. ಅದರಲ್ಲಿ ಭಾರತದ ದತ್ತು ಸಂಸ್ಥೆಗೆ ಮಗುವಿನ ಪಾಲನೆಯ ಲೆಕ್ಕದಲ್ಲಿ ಹೋಗುವುದು 5,000 ಡಾಲರ್. ಆ ಮೊತ್ತವನ್ನು ನಿಗದಿ ಮಾಡಿರುವುದು ನಿಯಮವೇ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಲ್ಲಿನ ಏಜೆನ್ಸಿಯದು. ಆಮೇಲೆ ಹೋಮ್ ಸ್ಟಡಿ, ಅರ್ಜಿ ಶುಲ್ಕ, ದಾಖಲೆಗಳ ದೃಢೀಕರಣ, ಬೆರಳಚ್ಚು, ವಿಮಾನ ಟಿಕೆಟ್, ಭಾರತದಲ್ಲಿ ಉಳಿಯುವ ವಾರಗಳ ಖರ್ಚು. ಎಲ್ಲವನ್ನೂ ಒಟ್ಟಿಗೆ ಕಟ್ಟಬೇಕಾಗಿಲ್ಲ. ಹಂತಹಂತವಾಗಿ ಕೇಳುತ್ತಾರೆ. ಯಾವ ಹಂತಕ್ಕೆ ಎಷ್ಟು, ಅರ್ಧದಲ್ಲಿ ನಿಂತರೆ ಎಷ್ಟು ವಾಪಸು ಎಂಬುದನ್ನು ಏಜೆನ್ಸಿ ಬರಹದಲ್ಲಿ ಕೊಡಬೇಕು. ಆ ಪುಟವನ್ನು ಓದದೆ ಸಹಿ ಹಾಕಬೇಡಿ. ನಾವು ಓದಿದ್ದೆವು. ಮುಂದೆ ನಮ್ಮನ್ನು ಕಾಪಾಡಿದ್ದೂ ಅದೇ ಪುಟ.

ನಡುವೆ ಕೆಲಸ ಹೋದರೆ ಹೋಮ್ ಸ್ಟಡಿ ಮಾಡುವ ಸಮಾಜ ಕಾರ್ಯಕರ್ತೆಗೆ ಹೇಳಲೇಬೇಕೇ? ಹೇಳಿದರೆ ಮಗು ಕೈತಪ್ಪುವುದಿಲ್ಲವೇ?

ಹೇಳಲೇಬೇಕು. ಆದಾಯ, ಮನೆ ವಿಳಾಸ, ಕುಟುಂಬದ ಸದಸ್ಯರು, ಇವುಗಳಲ್ಲಿ ಯಾವುದು ಬದಲಾದರೂ ತಿಳಿಸುವುದು ಅರ್ಜಿದಾರರ ಕರ್ತವ್ಯ. ಆಗ ಹೋಮ್ ಸ್ಟಡಿ ವರದಿಯನ್ನು ಪರಿಷ್ಕರಿಸುತ್ತಾರೆ. ಮುಚ್ಚಿಟ್ಟದ್ದು ಆಮೇಲೆ ಬಯಲಾದರೆ ಅರ್ಜಿ ತಿರಸ್ಕಾರವಾಗಲು ಅದೊಂದೇ ಕಾರಣ ಸಾಕು.

ಕಾನೂನು ಇಷ್ಟು. ಆದರೆ ಆ ಬುಧವಾರ ನಮ್ಮ ಮನೆಯಲ್ಲಿ ನಡೆದದ್ದನ್ನೂ ಹೇಳುತ್ತೇನೆ. ಬೆಳಿಗ್ಗೆ ಆರು ಗಂಟೆಗೆ ಯಜಮಾನರ ಲ್ಯಾಪ್‌ಟಾಪ್ ಲಾಗಿನ್ ಆಗಲಿಲ್ಲ. ಏಳಕ್ಕೆ ವೈಯಕ್ತಿಕ ಮೇಲ್‌ಗೆ ಕಾಗದ ಬಂತು. ಹನ್ನೊಂದು ವರ್ಷದ ನೌಕರಿ ಎರಡು ಪ್ಯಾರಾದಲ್ಲಿ ಮುಗಿದಿತ್ತು. ಅವರು ಅಡುಗೆಮನೆಗೆ ಬಂದು, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನು ಇಳಿಸಿ, ಒರೆಸುವ ಬಟ್ಟೆಯಿಂದ ಒಲೆ ಒರೆಸಿದರು. ಆಮೇಲೆ ವಿಷಯ ಹೇಳಿದರು. ಆ ರಾತ್ರಿ ನಾವಿಬ್ಬರೂ ಕೂತು ಮಾಡಿದ ಯೋಚನೆ ಒಂದೇ: ಎರಡು ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕೇ ಸಿಗುತ್ತದೆ, ಅಲ್ಲಿಯತನಕ ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ?

ಮರುದಿನ ದೇವರ ಮುಂದೆ ದೀಪ ಹಚ್ಚಲು ನನಗೆ ಕೈ ಬರಲಿಲ್ಲ. ಮಗುವನ್ನು ಕೊಡು ಎಂದು ಕೇಳುವ ಬಾಯಿ, ಆ ಮಗುವಿನ ಹಿತ ಕಾಯಲು ಕೂತವರಿಗೆ ಸುಳ್ಳು ಹೇಳಲು ಸಿದ್ಧವಾಗಿತ್ತು. ಹತ್ತು ಗಂಟೆಗೆ ಸಮಾಜ ಕಾರ್ಯಕರ್ತೆಗೆ ಕರೆ ಮಾಡಿದೆವು. ಆಕೆ ನಿಧಾನವಾಗಿ ಕೇಳಿಸಿಕೊಂಡು, ಉಳಿತಾಯ ಎಷ್ಟು ತಿಂಗಳಿಗಾಗುತ್ತದೆ, ನನ್ನ ಸಂಬಳ ಎಷ್ಟು, ಮನೆ ಸಾಲ ಎಷ್ಟು ಎಂದು ವಿಚಾರಿಸಿದರು. ಕಡತವನ್ನು ಮುಚ್ಚುವುದಿಲ್ಲ, ಹೊಸ ಮಗುವಿನ ಪ್ರಸ್ತಾವವನ್ನು ಸದ್ಯಕ್ಕೆ ಸ್ವೀಕರಿಸುವುದು ಬೇಡ ಎಂದರು. ನಾವು ಹೆದರಿದ್ದಕ್ಕೂ ನಡೆದದ್ದಕ್ಕೂ ಇಷ್ಟು ಅಂತರವಿತ್ತು.

ಇಷ್ಟೊಂದು ಅಡ್ಡಿ ಬರುತ್ತಿದೆ ಎಂದರೆ, ಇದು ದೇವರಿಗೆ ಇಷ್ಟವಿಲ್ಲ ಎಂಬ ಸೂಚನೆ ಅಲ್ಲವೇ?

ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ ಇದು. ಹೆಚ್ಚಾಗಿ ಹೆಂಗಸರೇ ಕೇಳುತ್ತಾರೆ, ಅದೂ ರಾತ್ರಿ ಹೊತ್ತು, ಪಕ್ಕದ ಕೋಣೆಗೆ ಕೇಳಿಸದ ಹಾಗೆ.

ನನ್ನ ಉತ್ತರ, ಅಲ್ಲ. ಒಂದು ಕಂಪನಿ ತನ್ನ ಲೆಕ್ಕಪತ್ರ ನೋಡಿ ಸಾವಿರಾರು ಜನರನ್ನು ತೆಗೆಯಿತು. ಅದನ್ನು ನಮ್ಮ ಮನೆಗೆಂದೇ ಬಂದ ದೇವರ ಸಂದೇಶ ಎಂದು ಓದಲು ನಾವು ಯಾರು? ಹಾಗೆ ಓದಿದರೆ ಅದೇ ದಿನ ಕೆಲಸ ಕಳೆದುಕೊಂಡ ಪಕ್ಕದ ಮೇಜಿನ ಹುಡುಗನಿಗೂ, ಹೆರಿಗೆ ರಜೆಯಲ್ಲಿದ್ದ ಹೆಣ್ಣುಮಗಳಿಗೂ ಒಂದೊಂದು ಅರ್ಥ ಹುಡುಕಬೇಕಾಗುತ್ತದೆ. ಕಷ್ಟವನ್ನು ಶಕುನ ಮಾಡಿಕೊಂಡರೆ ಅದರಿಂದ ಸಿಗುವುದು ಭಯ ಮಾತ್ರ. ಭಯದಲ್ಲಿ ತೆಗೆದುಕೊಂಡ ತೀರ್ಮಾನ ನಿಲ್ಲುವುದೂ ಇಲ್ಲ.

ಇದಕ್ಕೊಂದು ಮರುಮುಖವಿದೆ. "ನಂಬಿಕೆ ಇಟ್ಟಿದ್ದೇವೆ, ಹಣ ತಾನಾಗಿ ಬಂದೇ ಬರುತ್ತದೆ" ಎಂಬ ಮಾತೂ ನನಗೆ ಒಪ್ಪಿಗೆಯಿಲ್ಲ. ನಮ್ಮತ್ತೆ ಆ ಜನವರಿಯಲ್ಲಿ ಕೊಲ್ಲೂರು ಮೂಕಾಂಬಿಕೆಗೆ ಹರಕೆ ಹೇಳಿಕೊಂಡು, ಅರಿಶಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದು ರೂಪಾಯಿ ನಾಣ್ಯ ಗಂಟು ಕಟ್ಟಿ, ಊರಿನಿಂದ ಬರುವವರ ಕೈಯಲ್ಲಿ ಕಳಿಸಿಕೊಟ್ಟರು. ಮುಡಿಪು. ಅದನ್ನು ದೇವರ ಮನೆಯಲ್ಲಿಟ್ಟಾಗ ನಾನು ಅವರಿಗೆ ಫೋನಿನಲ್ಲಿ ಕೇಳಿದೆ: "ಅತ್ತೆ, ಇದು ಕೆಲಸ ಸಿಗಲಿ ಎಂದೋ, ಮಗು ಬರಲಿ ಎಂದೋ?" ಎರಡೂ ಅಲ್ಲ, ನಿಮ್ಮಿಬ್ಬರ ಮನಸ್ಸು ಮುರಿಯದಿರಲಿ ಎಂದು ಅಂದರು. ನಂಬಿಕೆ ಎಂದರೆ ಏನೆಂದು ಆಮೇಲೆ ಯಾರು ಕೇಳಿದರೂ ನನಗೆ ಹೇಳಲು ತೋಚುವುದು ಆ ಮಾತೇ. ದುಡ್ಡು ಬರುತ್ತದೆ ಎಂಬ ಖಾತರಿಯನ್ನು ಯಾವ ಮುಡಿಪೂ ಕೊಡುವುದಿಲ್ಲ. ಬಾರದ ದಿನ ಅಡ್ಡದಾರಿ ಹಿಡಿಯದ ಹಾಗೆ, ಒಬ್ಬರಿಗೊಬ್ಬರು ಬೆನ್ನು ತಿರುಗಿಸದ ಹಾಗೆ ಅದು ತಡೆದು ನಿಲ್ಲಿಸುತ್ತದೆ.

ನಂಬಿಕೆಯ ಮೇಲೆ ಸಾಲ ಮಾಡಬಹುದೇ?

ಕ್ರೆಡಿಟ್ ಕಾರ್ಡ್ ಮೇಲೆ ಮಾಡಬೇಡಿ. ದೇವರ ಹೆಸರು ಹೇಳಿ ಸಾಲ ಮಾಡಿದರೂ ಬಡ್ಡಿ ಬಡ್ಡಿಯೇ. ದತ್ತು ಪಡೆಯುವವರಿಗೆ ಅನುದಾನ ಕೊಡುವ, ಬಡ್ಡಿರಹಿತ ಸಾಲ ಕೊಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಕೆಲವು ಕ್ರೈಸ್ತ ಕುಟುಂಬಗಳಿಗೆ ಮೀಸಲು. ಗಿಫ್ಟ್ ಆಫ್ ಅಡಾಪ್ಷನ್ ಫಂಡ್‌ನಂಥವು ಧರ್ಮ ನೋಡುವುದಿಲ್ಲ. ಹೋಮ್ ಸ್ಟಡಿ ಮುಗಿದ ಮೇಲೆ ಅರ್ಜಿ ಹಾಕಿ. ನಮಗೆ ಎರಡು ಕಡೆ ಇಲ್ಲ ಎಂದರು, ಮೂರನೆಯದರಿಂದ ಸಣ್ಣ ಮೊತ್ತ ಬಂತು.

ನಿವೃತ್ತಿ ನಿಧಿಯ ಬಗ್ಗೆ ಕೇಳುವವರಿಗೆ: 2019ರ ಸೆಕ್ಯೂರ್ ಕಾಯ್ದೆಯ ಪ್ರಕಾರ ದತ್ತು ಅಂತಿಮವಾದ ಒಂದು ವರ್ಷದೊಳಗೆ ಗಂಡ ಹೆಂಡತಿ ತಲಾ 5,000 ಡಾಲರ್‌ವರೆಗೆ ದಂಡವಿಲ್ಲದೆ ತೆಗೆಯಬಹುದು. ಆದಾಯ ತೆರಿಗೆ ಮಾತ್ರ ಬೀಳುತ್ತದೆ. ನಿಮ್ಮ ಉದ್ಯೋಗದಾತರ ಯೋಜನೆ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ವಿಚಾರಿಸಿ.

ತೆರಿಗೆಯಲ್ಲಿ ಹಣ ವಾಪಸು ಬರುತ್ತದೆ ಎನ್ನುತ್ತಾರೆ, ನಿಜವೇ?

ನಿಜ, ಆದರೆ ತಡವಾಗಿ ಬರುತ್ತದೆ. ಅಮೆರಿಕದ ದತ್ತು ತೆರಿಗೆ ವಿನಾಯಿತಿ 2024ರ ದತ್ತುಗಳಿಗೆ ಮಗುವೊಂದಕ್ಕೆ ಗರಿಷ್ಠ 16,810 ಡಾಲರ್, 2025ಕ್ಕೆ 17,280. ವಿದೇಶದಿಂದ ದತ್ತು ಪಡೆದರೆ ದತ್ತು ಅಂತಿಮವಾದ ವರ್ಷದಲ್ಲಿ ಮಾತ್ರ ಇದನ್ನು ಕೇಳಬಹುದು. 2022ರಲ್ಲಿ ಕಟ್ಟಿದ ಹಣಕ್ಕೂ ನಾವು 2024ರ ತನಕ ಕಾಯಬೇಕಾಯಿತು. 2024ರಲ್ಲಿ ಇದು ನೀವು ಕಟ್ಟಬೇಕಾದ ತೆರಿಗೆಯಷ್ಟನ್ನೇ ತಗ್ಗಿಸುತ್ತಿತ್ತು, ಕೈಗೆ ನಗದು ಕೊಡುತ್ತಿರಲಿಲ್ಲ. ಉಳಿದದ್ದನ್ನು ಮುಂದಿನ ಐದು ವರ್ಷಗಳಿಗೆ ಒಯ್ಯಬಹುದು. 2025ರಿಂದ ಸುಮಾರು 5,000 ಡಾಲರ್‌ವರೆಗಿನ ಭಾಗ ತೆರಿಗೆ ಕಡಿಮೆ ಇದ್ದವರಿಗೂ ಕೈಗೇ ಬರುತ್ತದೆ. ಇದನ್ನು ನಂಬಿ ಇವತ್ತಿನ ಖರ್ಚಿಗೆ ಸಾಲ ಎತ್ತಬೇಡಿ.

ಕೆಲಸದ ಜೊತೆಗೆ ಆರೋಗ್ಯ ವಿಮೆಯೂ ಹೋದರೆ?

ನಮ್ಮನ್ನು ಹೆಚ್ಚು ಕಂಗೆಡಿಸಿದ್ದು ಇದೇ. ನಾವು ವಿಶೇಷ ಆರೈಕೆ ಬೇಕಾದ ಮಗುವಿಗೆ ಒಪ್ಪಿದ್ದೆವು. ಕಾನೂನಿನಂತೆ ಆರೋಗ್ಯವಂತ ಪುಟ್ಟ ಮಕ್ಕಳಿಗೆ ಭಾರತದಲ್ಲಿರುವವರಿಗೂ ಎನ್‌ಆರ್‌ಐಗಳಿಗೂ ಮೊದಲ ಅವಕಾಶ. ನಮ್ಮಂಥ ಒಸಿಐಗಳ, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರ ಸರದಿ ಆಮೇಲೆ. ವಿಶೇಷ ಅಗತ್ಯದ ಮಕ್ಕಳು, ಒಡಹುಟ್ಟಿದವರು, ಐದು ದಾಟಿದವರು ಮಾತ್ರ ಬೇಗ ವಿದೇಶಕ್ಕೆ ಹೋಗಬಲ್ಲರು. ಅಂಥ ಮಗು ಬರುವ ಮನೆಯಲ್ಲಿ ವಿಮೆ ಇಲ್ಲ ಎಂದರೆ ಎದೆ ಝಲ್ಲೆನ್ನುತ್ತದೆ.

ಕೆಲಸ ಹೋದ ಮೇಲೂ ಹಳೆಯ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳು ಕೋಬ್ರಾ ಕಾಯ್ದೆಯಡಿ ಮುಂದುವರಿಸಬಹುದು, ಆದರೆ ಕಂಪನಿಯ ಪಾಲನ್ನೂ ನೀವೇ ಕಟ್ಟಬೇಕು. ಅಥವಾ 60 ದಿನಗಳೊಳಗೆ ಸರ್ಕಾರಿ ಮಾರುಕಟ್ಟೆಯ ವಿಮೆಗೆ ಸೇರಬಹುದು. ನಾನು ಕೆಲಸ ಮಾಡುವ ಶಾಲೆಯ ವಿಮೆಗೆ ಇಬ್ಬರನ್ನೂ ಸೇರಿಸಿದೆ. ಪ್ರೀಮಿಯಂ ಜಾಸ್ತಿ, ನಿದ್ದೆಯೂ ಜಾಸ್ತಿ ಬಂತು. ಮಗು ಬಂದ ಮೇಲೆ ಉದ್ಯೋಗದಾತರ ವಿಮೆಗೆ 30 ದಿನಗಳೊಳಗೆ ಹೆಸರು ಸೇರಿಸಬೇಕು. ವಿಮಾನ ಇಳಿದ ದಣಿವಿನಲ್ಲಿ ಇದನ್ನು ಮರೆಯಬೇಡಿ. ಹುಟ್ಟಿನಿಂದ ಬಂದ ತೊಂದರೆ ಎಂದು ಅವರು ಮಗುವಿಗೆ ವಿಮೆ ನಿರಾಕರಿಸುವಂತಿಲ್ಲ.

ಕನ್ನಡ ಸಂಘದಲ್ಲಿ, ಬಂಧುಗಳಲ್ಲಿ ಹಣ ಕೇಳುವುದು ಸರಿಯೇ? ಮಗುವಿನ ಫೋಟೋ ಹಾಕಬಹುದೇ?

ಫೋಟೋ ಹಾಕಲೇಬಾರದು. ಆರೈಕೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದನ್ನು ಭಾರತದ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ಕಾನೂನು ಬದಿಗಿರಲಿ, ನಾಳೆ ನಿಮ್ಮ ಮಗಳು ಶಾಲೆಗೆ ಹೋಗುವಾಗ "ನಿನಗೋಸ್ಕರ ನಾವೂ ನೂರು ಡಾಲರ್ ಕೊಟ್ಟಿದ್ದೆವು" ಎಂದು ಯಾರಾದರೂ ಅಂದರೆ ಅವಳ ಮುಖ ಏನಾಗಬೇಕು?

ಹಣ ಕೇಳುವುದರಲ್ಲಿ ಅವಮಾನವಿಲ್ಲ. ಅವರವರ ಮನಸ್ಸಿಗೆ ಬಿಟ್ಟದ್ದು. ನಾವು ಕೇಳಲಿಲ್ಲ, ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ವಿಷಯ ತಿಳಿದ ಇಲ್ಲಿನ ಮೂವರು ಗೆಳತಿಯರು ನಾಲ್ಕು ತಿಂಗಳು ವಾರಕ್ಕೊಮ್ಮೆ ಬಿಸಿಬೇಳೆಬಾತ್, ಚಪಾತಿ, ಪಲ್ಯ ಎಂದು ಡಬ್ಬಿ ತಂದಿಟ್ಟು ಹೋಗುತ್ತಿದ್ದರು. ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ನಮ್ಮಲ್ಲಿ ಪದ್ಧತಿಯಲ್ಲ. ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದೆ. ಆ ಸಕ್ಕರೆಯೇ ನನ್ನ ಕೃತಜ್ಞತೆಯಾಗಿತ್ತು. ಒಂದು ನಿರ್ದಿಷ್ಟ ಕುಟುಂಬಕ್ಕೆಂದು ಕೊಟ್ಟ ಹಣಕ್ಕೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನೂ ಕೇಳುವ ಮೊದಲೇ ತಿಳಿಸಿ.

ಊರಿನಲ್ಲಿ ಯಾರೋ ಕಡಿಮೆ ಹಣಕ್ಕೆ ನೇರವಾಗಿ ಮಗು ಕೊಡಿಸುತ್ತಾರಂತೆ. ಹಣ ಇಲ್ಲದವರು ಅದನ್ನು ನೋಡಬಾರದೇ?

ಬೇಡ. ಈ ಒಂದು ಪ್ರಶ್ನೆಗೆ ನನ್ನ ದನಿ ಏರುತ್ತದೆ. ಅದು ದತ್ತು ಅಲ್ಲ, ವ್ಯಾಪಾರ. ಮಗುವನ್ನು ಕೊಳ್ಳುವವರಿಗೂ ಮಾರುವವರಿಗೂ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು ಶಿಕ್ಷೆ, ಒಂದು ಲಕ್ಷ ರೂಪಾಯಿ ದಂಡ ಇದೆ. ವಿದೇಶಕ್ಕೆ ದತ್ತು ಹೋಗುವ ಮಕ್ಕಳ ಹೆಸರಿನಲ್ಲಿ ಅನ್ಯಾಯ ನಡೆಯುತ್ತಿದೆ ಎಂದು ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪು ಕೊಟ್ಟಿತು. ಇವತ್ತು ನಮಗೆ ಕಿರಿಕಿರಿ ಅನ್ನಿಸುವ ಪ್ರತಿ ಕಾಗದದ ಹಿಂದೆ ಆ ತೀರ್ಪಿನ ನೆರಳಿದೆ. ನಿಮ್ಮ ಮನೆಗೆ ಬರುವ ಮಗುವನ್ನು ಯಾವುದೋ ಬಡ ತಾಯಿಯ ಮಡಿಲಿನಿಂದ ಕಿತ್ತು ತಂದಿಲ್ಲ ಎಂದು ನಿಮಗೆ ಹೇಳಬಲ್ಲದ್ದು ಆ ಕಾಗದಗಳು ಮಾತ್ರ. ಹಣ ಸಾಲದಿದ್ದರೆ ಕಾಯಿರಿ.

ಗಂಡನಿಗೆ ದೇವರಲ್ಲಿ ನಂಬಿಕೆ ಇಲ್ಲ, ನನಗಿದೆ. ಹೇಗೆ ಒಟ್ಟಿಗೆ ನಡೆಯುವುದು?

ನಮ್ಮದೂ ಅದೇ ಸಂಸಾರ. ಯಜಮಾನರು ದೇವರ ಮನೆಗೆ ಬರುವವರಲ್ಲ. ಆದರೆ ಕೆಲಸವಿಲ್ಲದ ಎಂಟು ತಿಂಗಳೂ ಪ್ರತಿ ಭಾನುವಾರ ಸಂಜೆ ಲೆಕ್ಕದ ಪುಸ್ತಕ ತೆರೆದು ಕೂರುತ್ತಿದ್ದರು. ಎಷ್ಟು ಬಂತು, ಎಷ್ಟು ಹೋಯಿತು, ದತ್ತಿನ ಕಾಗದ ಎಲ್ಲಿದೆ, ಮುಂದಿನ ಹಂತಕ್ಕೆ ಎಷ್ಟು ಬೇಕು. ನಾನು ದೀಪ ಹಚ್ಚುತ್ತಿದ್ದೆ, ಅವರು ಲೆಕ್ಕ ಬರೆಯುತ್ತಿದ್ದರು. ಒಂದು ಭಾನುವಾರ ಆ ಪುಸ್ತಕದ ಕೊನೆಯ ಪುಟದಲ್ಲಿ ಹೆಣ್ಣುಮಕ್ಕಳ ಹೆಸರುಗಳ ಪಟ್ಟಿ ಕಂಡಿತು. ಅವರದೇ ಕೈಬರಹ. ನನ್ನ ದೀಪಕ್ಕಿಂತ ಅದು ಕಡಿಮೆ ನಂಬಿಕೆ ಎಂದು ನಾನೆಂದೂ ಹೇಳಲಾರೆ.

ಅರ್ಜಿಯನ್ನು ಸ್ವಲ್ಪ ಕಾಲ ನಿಲ್ಲಿಸಿದರೆ ಕೈಬಿಟ್ಟಂತೆಯೇ?

ಇಲ್ಲ. ಐ-800ಎ ಒಪ್ಪಿಗೆ 15 ತಿಂಗಳು ಚಾಲ್ತಿಯಲ್ಲಿರುತ್ತದೆ, ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಬಹುದು. ಯಜಮಾನರಿಗೆ 2023ರ ಸೆಪ್ಟೆಂಬರ್‌ನಲ್ಲಿ ಮೊದಲಿಗಿಂತ ಕಡಿಮೆ ಸಂಬಳದ ಕೆಲಸ ಸಿಕ್ಕಿತು. ಹೋಮ್ ಸ್ಟಡಿ ಮತ್ತೆ ಪರಿಷ್ಕರಣೆಯಾಯಿತು, ಒಪ್ಪಿಗೆ ವಿಸ್ತರಣೆಯಾಯಿತು. ನವೆಂಬರ್‌ನಲ್ಲಿ ಒಡಿಶಾದ ಮಗುವೊಂದರ ವೈದ್ಯಕೀಯ ವರದಿ ಬಂತು.

ಪೂರ್ತಿ ನಿಲ್ಲಿಸಬೇಕಾಗಿ ಬಂದವರೂ ಇದ್ದಾರೆ. ನನಗೆ ಪರಿಚಯದ ದಂಪತಿ ಮನೆ ಮಾರಿ, ಅಪ್ಪನ ಚಿಕಿತ್ಸೆಗೆ ಊರಿಗೆ ಮರಳಿದರು. ಅವರ ನಂಬಿಕೆ ಸಾಲದಾಯಿತು ಎನ್ನುವ ಬಾಯಿಗೆ ನಾನು ಎದುರು ನಿಲ್ಲುತ್ತೇನೆ.

ಮಗು ಬಂದ ಮೇಲೆ ಎಲ್ಲ ಸರಿಹೋಯಿತೇ?

ಹಣದ ಬಿಗಿ ಹಾಗೇ ಇತ್ತು. ಮಗಳಿಗೆ ಆಗ ನಾಲ್ಕು ತುಂಬಲು ಎರಡು ತಿಂಗಳು ಬಾಕಿ. ಸೀಳುತುಟಿಯ ಶಸ್ತ್ರಚಿಕಿತ್ಸೆ ಭಾರತದಲ್ಲೇ ಆಗಿತ್ತು, ಅಂಗುಳಿನದು ಬಾಕಿಯಿತ್ತು. ದತ್ತು ಭಾರತದಲ್ಲೇ ಅಂತಿಮವಾದ ಮಕ್ಕಳಿಗೆ ಕೊಡುವ ಐಎಚ್-3 ವೀಸಾದಲ್ಲಿ ಬರುವ ಮಗು ತಂದೆ ಅಥವಾ ತಾಯಿ ಪೌರರಾಗಿದ್ದರೆ ಅಮೆರಿಕಕ್ಕೆ ಪ್ರವೇಶಿಸಿದ ಕ್ಷಣವೇ ಪೌರಳಾಗುತ್ತಾಳೆ. ಅದಕ್ಕೆ ಬೇರೆ ಖರ್ಚಿಲ್ಲ. ಆದರೆ ಎರಡು ವರ್ಷ ಕಾರಾಕ್ಕೆ ವರದಿ ಹೋಗಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಪ್ರತಿ ಭೇಟಿಗೂ ಶುಲ್ಕವಿದೆ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಭುವನೇಶ್ವರದ ಹೋಟೆಲಿನ ಮೊದಲ ರಾತ್ರಿ ಅವಳು ಎದ್ದು ಕೂತು ಯಜಮಾನರ ಕಡೆ ಕೈ ಚಾಚಿ "ಮಾಣಿ, ಮಾಣಿ" ಎಂದಳು. ಕುಂದಾಪುರದಲ್ಲಿ ಹುಡುಗನನ್ನು ಕರೆಯುವುದೇ ಹಾಗೆ. ಅವರ ಅಮ್ಮ ಇವತ್ತಿಗೂ ಅವರನ್ನು ಹಾಗೆಯೇ ಕರೆಯುತ್ತಾರೆ. ಅವರ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿನ ಮೇಲೆ ನನಗೆ ಹೊಳೆಯಿತು, ಅವಳು ಒಡಿಯಾದಲ್ಲಿ "ಪಾಣಿ" ಎನ್ನುತ್ತಿದ್ದಾಳೆ, ಅಂಗುಳು ಕೂಡಿರದ ಕಾರಣ 'ಪ' ಮೂಗಿನಿಂದ ಜಾರಿ 'ಮ' ಆಗುತ್ತಿದೆ. ಬಾಯಾರಿತ್ತು ಮಗುವಿಗೆ. ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು.

ಮನೆಯ ಕಷ್ಟವನ್ನು ಮಗುವಿಗೆ ಹೇಳಬೇಕೇ?

ಬೆಳೆದ ಮೇಲೆ, ಅವಳು ಕೇಳಿದಷ್ಟು. "ನಿನಗಾಗಿ ಎಷ್ಟು ಕಷ್ಟಪಟ್ಟೆವು" ಎಂಬ ಮಾತು ಮಾತ್ರ ಎಂದಿಗೂ ಬೇಡ. ಹೆತ್ತ ಮಕ್ಕಳಿಗೂ ಬೇಡ. ಅವಳು ನಮ್ಮ ನಂಬಿಕೆಗೆ ಸಿಕ್ಕ ಬಹುಮಾನವಲ್ಲ, ಹುಟ್ಟಿದಾಗಿನಿಂದ ತನ್ನದೇ ನಷ್ಟಗಳನ್ನು ಹೊತ್ತು ಬಂದ ಒಂದು ಜೀವ.

ಹರಕೆ ತೀರಿಸಿದಿರಾ?

ಇನ್ನೂ ಇಲ್ಲ. ದೆಹಲಿಯಲ್ಲಿ ವೀಸಾ ಮುಗಿದಾಗ ಕೊಲ್ಲೂರಿಗೆ ಹೋಗಿಬರಲು ರಜೆಯೂ ಉಳಿದಿರಲಿಲ್ಲ, ಹಣವೂ ಇರಲಿಲ್ಲ. ಅತ್ತೆಗೆ ಹೇಳಿದಾಗ, ಸಾಲ ಮಾಡಿ ಬರಬೇಡಿ, ಅಮ್ಮ ಎಲ್ಲಿಗೂ ಹೋಗುವುದಿಲ್ಲ ಎಂದರು. ಅಂಗುಳಿನ ಶಸ್ತ್ರಚಿಕಿತ್ಸೆ ಕಳೆದ ವರ್ಷ ಮುಗಿಯಿತು, ಈಗ ವಾರಕ್ಕೆ ಎರಡು ದಿನ ಮಾತಿನ ತರಬೇತಿ. ಮುಡಿಪಿನ ಗಂಟು ದೇವರ ಮನೆಯಲ್ಲೇ ಇದೆ. ಅರಿಶಿನ ಮಾಸಿದೆ. ಮಗಳು ಆಗಾಗ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಹೋದ ತಿಂಗಳು ಶಾಲೆಯ ಹುಡುಗ ಕೊಟ್ಟ ಕಾಲು ಡಾಲರ್ ನಾಣ್ಯವನ್ನು ತಂದು, ಅದನ್ನೂ ಒಳಗೆ ಹಾಕಬೇಕು ಎಂದು ಹಟ ಹಿಡಿದಳು. ಗಂಟು ಬಿಚ್ಚಿ, ಹಾಕಿಸಿ, ಮತ್ತೆ ಕಟ್ಟಿಟ್ಟಿದ್ದೇವೆ.